ರಾಜಹಕ್ಕಿಯ ಗೂಡೂ ಮಂಜಪ್ಪನ ಕೈಯೂ

ಹುರಿದ ಅಕ್ಕಿಯ ವಾಸನೆ ನಿಮಗೆ ಏನನ್ನು ನೆನಪಿಸುತ್ತದೋ ಗೊತ್ತಿಲ್ಲ. ನನಗಂತೂ ಅದು ಲೆನ್ಸಿನ ವಾಸನೆ. ನಗಬೇಡಿ, ಹೇಳುತ್ತೇನೆ.

ಹೋದ ವಾರ ಪಕ್ಕದ ಮನೆಯ ಸವಿತಾ ಬಂದಿದ್ದಳು. ಬ್ಯಾಂಕಿನಲ್ಲಿ ಕೆಲಸ, ರಜೆ ಸಿಕ್ಕರೆ ಹಕ್ಕಿಯ ಫೋಟೋದ ಹುಚ್ಚು. ಬಾಗಿಲಲ್ಲೇ ನಿಂತು, "ಅಜ್ಜ, ನೀವು ಸ್ಟುಡಿಯೋ ಇಟ್ಟಿದ್ದೋರಲ್ವಾ, ಒಂದು ಹೇಳಿ. ಉದ್ದದ ಲೆನ್ಸೇ ತಗೊಳ್ಳಲಾ, ಇರೋ ಲೆನ್ಸಿಗೆ ಟೆಲಿಕನ್ವರ್ಟರ್ ಹಾಕ್ಕೊಂಡ್ರೆ ಸಾಕಾ?" ಎಂದಳು.

ಇದೇ ಪ್ರಶ್ನೆಗೆ ನಲವತ್ತು ವರ್ಷಗಳ ಹಿಂದೆ ಇನ್ನೊಬ್ಬನ ಜೊತೆ ಜಗಳವಾಡಿದ್ದೆ. ಅವನಿಗೆ ನಾನು ಸುಳ್ಳು ಹೇಳಿದ್ದೆ. "ಎರಡು ದಿನ ಬಿಟ್ಟು ಹೇಳ್ತೀನಿ ಮಗಾ" ಎಂದು ಅವಳನ್ನು ಕಳಿಸಿ, ಕಪಾಟಿನ ಮೇಲಿದ್ದ ಹಳೆಯ ಬಿಸ್ಕತ್ತಿನ ಡಬ್ಬಿ ಇಳಿಸಿದೆ. ಮುಚ್ಚಳ ತೆಗೆದರೆ ಬಟ್ಟೆಯ ಗಂಟಿನಲ್ಲಿ ಕಪ್ಪಾದ ಅಕ್ಕಿ, ಅದರ ಪಕ್ಕದಲ್ಲಿ ಎರಡು ಬೆರಳು ಉದ್ದದ ಕನ್ವರ್ಟರ್, ಲೆನ್ಸಿನ ಹಿಂದೆ ಸಿಕ್ಕಿಸಿ ದೂರದ್ದನ್ನು ಹತ್ತಿರ ಮಾಡುವ ಗಾಜು.

ನಮ್ಮ ಕಡೆಯ ಥಂಡಿಗೆ ಲೆನ್ಸಿನ ಒಳಗೆ ಜೇಡನ ಬಲೆಯಂತೆ ಬೂಷ್ಟು ಹಿಡಿಯುತ್ತದೆ. ಆಗ ನಮಗೆ ಗೊತ್ತಿದ್ದ ಔಷಧಿ ಒಂದೇ. ಅಕ್ಕಿಯನ್ನು ಕೆಂಪಗೆ ಹುರಿದು, ಆರಿಸಿ, ಗಂಟು ಕಟ್ಟಿ, ಲೆನ್ಸಿನ ಜೊತೆ ಡಬ್ಬಿಯಲ್ಲಿ ಮುಚ್ಚಿಡುವುದು. ಒಮ್ಮೆ ನನ್ನ ಹೆಂಡತಿ ಆ ಅಕ್ಕಿಯನ್ನೇ ಗಂಜಿ ಮಾಡಿ ಬಡಿಸಿದ್ದಳು. ಕೇಳಿದರೆ, "ಲೆನ್ಸಿಗೆ ಒಳ್ಳೇದಾಗಿದ್ದು ನಿಮಗೆ ಆಗಲ್ವಾ?" ಎಂದಳು. ಆ ವಾರ ನಾನು ಅವಳಿಗಿಂತ ಲೆನ್ಸಿನ ಜೊತೆಯೇ ಹೆಚ್ಚು ಮಾತಾಡಿದ್ದೆ ಎಂಬುದು ಅವಳ ದೂರು.

ಸಾಗರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇತ್ತು. ಓದಿದ್ದು ಎಸ್ಸೆಸ್ಸೆಲ್ಸಿ, ಕಲಿತಿದ್ದು ನಾಲ್ಕು ಮಾತು: ಗಲ್ಲ ಮೇಲೆ, ಭುಜ ಕೆಳಗೆ, ಕಣ್ಣು ಇಲ್ಲಿ, ಅಲ್ಲಾಡಬೇಡಿ. ಕ್ಯಾಮೆರಾದ ಮುಂದೆ ಕೂತವರ ಹಣೆಯ ಕೂದಲು ಸರಿಸುವುದು, ಮದುಮಗನ ಕಾಲರು ಎಳೆಯುವುದು, ಹೂವಿನ ಕುಂಡ ಅತ್ತಿತ್ತ ಮಾಡುವುದು ನನ್ನ ಕೈಗೆ ಅಂಟಿದ ಚಾಳಿ. ಎದುರಿಗೆ ಇರುವುದನ್ನು ಇದ್ದ ಹಾಗೆ ಬಿಟ್ಟರೆ ಅದು ಫೋಟೋ ಅಲ್ಲ ಎಂದೇ ನಂಬಿದ್ದೆ. ಈ ಚಾಳಿಯನ್ನು ನೆನಪಿಟ್ಟುಕೊಳ್ಳಿ.

ಮಂಜಪ್ಪ ತೀರ್ಥಹಳ್ಳಿಯಲ್ಲಿ ವಾಚು ರಿಪೇರಿ ಮಾಡುತ್ತಿದ್ದ. ಒಂದು ಮದುವೆಯಲ್ಲಿ ನಾನು ಫೋಟೋ ತೆಗೆಯುತ್ತಿದ್ದರೆ ಅವನು ಊಟಕ್ಕೂ ಏಳದೆ ನನ್ನ ರಷ್ಯಾದ ಕ್ಯಾಮೆರಾವನ್ನೇ ನೋಡುತ್ತ ನಿಂತಿದ್ದ. ಪರಿಚಯವಾದದ್ದು ಹಾಗೆ. ಕಣ್ಣಿಗೆ ಆ ಸಣ್ಣ ಭೂತಗನ್ನಡಿ ಸಿಕ್ಕಿಸಿಕೊಂಡು, ಹುಣಿಸೆ ಬೀಜದಷ್ಟೇ ಇರುತ್ತಿದ್ದ ಹೆಂಗಸರ ಕೈಗಡಿಯಾರ ಬಿಚ್ಚಲು ಕೂತನೆಂದರೆ ಉಸಿರಾಡುತ್ತಾನೋ ಇಲ್ಲವೋ ಎಂದು ಅನುಮಾನ ಬರುತ್ತಿತ್ತು. ಎಳ್ಳಿಗಿಂತ ಸಣ್ಣ ತಿರುಪು ಅವನ ಚಿಮಟದ ತುದಿಯಲ್ಲಿ ನೊಣದ ಹಾಗೆ ಕೂತಿರುತ್ತಿತ್ತು. ಲೇಡೀಸ್ ವಾಚಿಗೆ ಮಂಜಪ್ಪನೇ ಆಗಬೇಕು ಎಂದು ಹೊಸನಗರದಿಂದ, ಕೊಪ್ಪದಿಂದ ಬರುವವರಿದ್ದರು.

ಹಕ್ಕಿಗಳನ್ನು ನನಗೆ ತೋರಿಸಿದವನು ಅವನೇ. ಇಬ್ಬರಿಗೂ ಮಂಗಳವಾರ ರಜೆ. ನಾನು ಹೊಸನಗರದ ಮೇಲೆ ಬಸ್ಸು ಹಿಡಿದು, ಅವನು ಆ ಕಡೆಯಿಂದ ಬಂದು, ನಡುವೆ ನಗರ ಎಂಬ ಹಳೇ ಕೋಟೆಯ ಊರಿನಲ್ಲಿ ಇಳಿಯುತ್ತಿದ್ದೆವು. ಕೋಟೆಯ ಗೋಡೆ, ಕೆರೆ, ಬಿದಿರು ಮೆಳೆ ಸುತ್ತಿ, ಬುತ್ತಿ ಬಿಚ್ಚಿ, ಜಗಳಕ್ಕೆ ಕೂರುತ್ತಿದ್ದೆವು. ಜಗಳದ ವಿಷಯ ಯಾವಾಗಲೂ ಒಂದೇ. ಇಬ್ಬರ ಬಳಿಯೂ ಇದ್ದದ್ದು ಇನ್ನೂರು ಮಿಲಿಮೀಟರಿನ ಲೆನ್ಸು. ಅದರಲ್ಲಿ ಹಕ್ಕಿ ಕಾಳುಮೆಣಸಿನಷ್ಟು ಕಾಣುತ್ತಿತ್ತು. ಮುಂದೇನು?

"ನಾನೂರರದ್ದೇ ಲೆನ್ಸ್ ಬೇಕು. ಮಧ್ಯ ಇನ್ನೊಂದು ಗಾಜು ತುರುಕಿದ್ರೆ ಬೆಳಕು ಸಾಯ್ತದೆ" ಎಂದು ಅವನು.

"ಎಂತ ಸಾಯೋದು? ಇರೋ ಲೆನ್ಸಿನ ಹಿಂದೆ ಕನ್ವರ್ಟರ್ ತಿರುಗಿಸಿದ್ರೆ ಇನ್ನೂರು ನಾನೂರಾಯ್ತು. ಜೇಬಲ್ಲಿ ಇಟ್ಕೊಂಡು ಹೋಗಬಹುದು" ಎಂದು ನಾನು.

"ನೀನು ಜೇಬು ನೋಡಿ ಫೋಟೋ ತೆಗಿಯೋನು ಮಾರಾಯ."

ಹಟಕ್ಕೆ ಬಿದ್ದು ಮುಂಬಯಿಯಿಂದ ಕನ್ವರ್ಟರ್ ತರಿಸಿಯೇಬಿಟ್ಟೆ. ಪಾರ್ಸೆಲ್ ಬಂದ ದಿನ ಪಾಸ್‌ಪೋರ್ಟ್ ಫೋಟೋಕ್ಕೆ ಕೂತಿದ್ದ ಒಬ್ಬ ಗಿರಾಕಿಯನ್ನು ಸ್ಟೂಲಿನ ಮೇಲೆಯೇ ಬಿಟ್ಟು, ಬಾಗಿಲಿಗೆ ಓಡಿ, ರಸ್ತೆಯಾಚೆಯ ಕರೆಂಟು ತಂತಿಯ ಕಡೆ ಕ್ಯಾಮೆರಾ ಹಿಡಿದೆ. ಅಬ್ಬಾ! ತಂತಿಯ ಮೇಲಿದ್ದ ಮಡಿವಾಳ ಹಕ್ಕಿ ಹಾರಿ ಬಂದು ನನ್ನ ರೆಪ್ಪೆಯ ಮೇಲೆ ಕೂತಂತಾಯಿತು! ಅದರ ಕಣ್ಣಿನೊಳಗೆ ಒಂದು ಬಿಳಿ ಚುಕ್ಕೆ. ಅದು ಆಕಾಶವೇ ಇರಬೇಕು. ನಾನು ಕೂಗಿಕೊಂಡ ರಭಸಕ್ಕೆ ಪಕ್ಕದ ಅಂಗಡಿಯವರು ಹಾವು ಬಂತೇನೋ ಎಂದು ಕೋಲು ಹಿಡಿದು ಬಂದರು.

ಆದರೆ ಮಂಜಪ್ಪ ಹೇಳಿದ್ದೇ ಸರಿಯಿತ್ತು. ಬಯಲಿನಲ್ಲಿ ಚಂದ ಕಂಡದ್ದು ಮರದ ನೆರಳಿಗೆ ಹೋದರೆ ಮಂಕು. ಕನ್ವರ್ಟರ್ ಬೆಳಕಿನಲ್ಲಿ ನಾಲ್ಕನೆಯ ಒಂದು ಪಾಲನ್ನಷ್ಟೇ ಫಿಲ್ಮಿಗೆ ಬಿಡುತ್ತಿತ್ತು. ಶಟರು ನಿಧಾನವಾಗಿ ಇಟ್ಟರೆ ಚಿತ್ರ ಕದಡುತ್ತಿತ್ತು, ಚುರುಕಾಗಿ ಇಟ್ಟರೆ ಕಪ್ಪು. ಸ್ಟ್ಯಾಂಡು ಹೂಡುವಷ್ಟರಲ್ಲಿ ಹಕ್ಕಿ ಇರುತ್ತಿರಲಿಲ್ಲ. ರೋಲುಗಟ್ಟಲೆ ಹಾಳಾಯಿತು. ಇದನ್ನು ಮಂಜಪ್ಪನಿಗೆ ಹೇಳಬೇಕಿತ್ತು. ಅಷ್ಟು ಜಗಳವಾಡಿದ ಮೇಲೆ ಹೇಗೆ ಹೇಳಲಿ? ತೊಳೆದ ಫಿಲ್ಮನ್ನು ಅವನಿಗೆ ತೋರಿಸದೆ ಬಿಟ್ಟೆ.

ಒಂದು ಬೇಸಿಗೆಯ ಮಂಗಳವಾರ ಮಂಜಪ್ಪ ಬರಲಿಲ್ಲ, ನೆಂಟರ ಮನೆಯ ಕಾರ್ಯವಿತ್ತು. ನಾನೊಬ್ಬನೇ ಕೋಟೆಯ ಹಿಂದೆ ಹೋದೆ. ಬಿದಿರಿನ ಕವಲಿನಲ್ಲಿ, ನನ್ನ ಎದೆಯೆತ್ತರಕ್ಕೆ, ಜೇಡನ ನೂಲಿನಿಂದ ಹೆಣೆದ ಬಟ್ಟಲಿನಂಥ ಗೂಡು. ಅದರಲ್ಲಿ ಕೂತಿದ್ದದ್ದು ರಾಜಹಕ್ಕಿಯ ಗಂಡು! ಕಪ್ಪು ತಲೆ, ಹಾಲಿನಂಥ ಮೈ, ಗೂಡಿನಿಂದ ಕೆಳಗೆ ಇಳಿಬಿದ್ದ, ರಿಬ್ಬನ್ನಿನಂಥ ಎರಡು ಬಿಳಿ ಬಾಲದ ಗರಿ. ಅದು ಎದ್ದು ಹಾರಿದಾಗ ಕೆಳಗಿನಿಂದ ಮೂರು ಬಾಯಿ ಒಟ್ಟಿಗೆ ತೆರೆದವು.

ಕನ್ವರ್ಟರ್ ಹಾಕಿ ನೋಡಿದೆ, ಬರೀ ಕತ್ತಲೆ. ಕಳಚಿ ಜೇಬಿಗಿಟ್ಟು ಹತ್ತು ಅಡಿಯಷ್ಟು ಹತ್ತಿರ ಹೋದೆ. ನಾಲ್ಕಾರು ಎಲೆ ಅಡ್ಡ. ನನ್ನ ಅಂಗಿಯ ಜೇಬಿನಲ್ಲಿ ಫೋಟೋದ ಅಂಚು ಕತ್ತರಿಸುವ ಕತ್ತರಿ ಯಾವಾಗಲೂ ಇರುತ್ತಿತ್ತು. ಗಿರಾಕಿಯ ಹಣೆಯ ಕೂದಲು ಸರಿಸಿದಷ್ಟೇ ಸಲೀಸಾಗಿ ಒಂದೊಂದೇ ಎಲೆ ಕತ್ತರಿಸಿದೆ. ಮೇಲಿನ ಎರಡು ಕಡ್ಡಿ ಮುರಿದೆ. ಬಿಸಿಲು ನೇರ ಗೂಡಿನ ಮೇಲೆ ಬಿತ್ತು. ಸ್ಟುಡಿಯೋದ ದೀಪ ಹಾಕಿದ ಹಾಗೆಯೇ! ಗಂಡುಹಕ್ಕಿ ಹುಳ ಕಚ್ಚಿಕೊಂಡು ಬಂತು. ಕ್ಲಿಕ್ ಎಂದ ಸದ್ದಿಗೆ ನಾನೇ ಬೆಚ್ಚಿದೆ.

ತಡೆಯಲಾರದೆ ಎರಡು ದಿನ ಬಿಟ್ಟು ಮತ್ತೆ ಹೋದೆ. ಗೂಡು ವಾಲಿತ್ತು. ಒಳಗೆ ಏನೂ ಇರಲಿಲ್ಲ. ಕೋಟೆಯ ಗೋಡೆಯ ಮೇಲೆ ಎರಡು ಕಾಗೆ ಕೊಕ್ಕು ಉಜ್ಜಿಕೊಳ್ಳುತ್ತಿದ್ದವು. ಆ ಬಿಳಿ ಹಕ್ಕಿ ಹುಳ ಕಚ್ಚಿಕೊಂಡೇ ಕೊಂಬೆಯಿಂದ ಕೊಂಬೆಗೆ ಹಾರುತ್ತಿತ್ತು. ಎಲೆಗಳೇ ಆ ಮನೆಯ ಬಾಗಿಲು ಎಂದು ನನಗೆ ಹೊಳೆದದ್ದು ಆಗ.

ಆ ಫೋಟೋಕ್ಕೆ ಶಿವಮೊಗ್ಗದ ಒಂದು ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂತು. ಮಂಜಪ್ಪ ಓಡೋಡಿ ಸಾಗರಕ್ಕೆ ಬಂದ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಫೋಟೋದ ಒಂದೊಂದು ಗರಿಯನ್ನೂ ನೋಡಿದ.

"ಎಂಥದಿದು ಮಾರಾಯ! ಹುಳದ ಕಾಲೂ ಕಾಣ್ತದಲ್ಲ! ಎಷ್ಟು ದೂರದಿಂದ ತೆಗ್ದೆ?"

"ನಲವತ್ತು ಅಡಿ."

"ಕನ್ವರ್ಟರ್ ಹಾಕಿದ್ಯಾ?"

"ಮತ್ತೆ?"

ಅವನು ಗಾಜು ತೆಗೆದು ನನ್ನನ್ನೇ ನೋಡಿ, "ಸೋತೆ ಬಿಡು" ಎಂದು ನನ್ನ ಬೆನ್ನಿಗೆ ಗುದ್ದಿದ. ವರ್ಗವಾಗಿ ಹೊರಟಿದ್ದ ಅಧಿಕಾರಿಯೊಬ್ಬರು ತಮ್ಮ ನಾನೂರರ ಲೆನ್ಸನ್ನು ಅವನಿಗಾಗಿ ಎತ್ತಿಟ್ಟಿದ್ದರು. ಅದನ್ನು ಬೇಡವೆಂದು, ನನ್ನಂಥದೇ ಕನ್ವರ್ಟರ್ ತರಿಸಿಕೊಂಡ.

ಎರಡು ಬೇಸಿಗೆ ಅವನ ರೋಲುಗಳನ್ನು ತೊಳೆದವನು ನಾನೇ. ಎಲ್ಲವೂ ಕದಡಿದ್ದವು. ಒಂದು ಸಲ ಡಾರ್ಕ್‌ರೂಮಿನಲ್ಲಿ ನನ್ನ ಪಕ್ಕ ನಿಂತು ಕೇಳಿದ: "ಲೆನ್ಸು ಒಂದೇ, ಕನ್ವರ್ಟರೂ ಒಂದೇ. ನಿಂದು ಬರ್ತದೆ, ನಂದು ಬರಲ್ಲ. ಯಾಕೆ?"

ನಿಜ ನಾಲಿಗೆಯ ತುದಿಯಲ್ಲಿತ್ತು. ಬಾಯಿಗೆ ಬಂದದ್ದು ಬೇರೆ. "ಕೈ ಸ್ವಲ್ಪ ಅಲ್ಲಾಡಿದೆ ಕಾಣ್ತದೆ."

ಅವನು ಬಲಗೈಯನ್ನು ಕೆಂಪು ದೀಪದ ಕೆಳಗೆ ಚಾಚಿ ಹಿಡಿದ. ಅದು ಕಲ್ಲಿನ ಹಾಗೆ ನಿಂತಿತ್ತು. ನಾನು ನೋಡಿದೆ. "ಹೌದನಾ?" ಎಂದ. ನಾನು ತೊಟ್ಟಿಯ ಕಡೆ ತಿರುಗಿ ಫಿಲ್ಮು ತೊಳೆಯತೊಡಗಿದೆ.

ಆರು ತಿಂಗಳ ನಂತರ ಅವನ ಅಂಗಡಿಗೆ ಹೋದರೆ ಮೇಜಿನ ಮೇಲೆ ಒಂದೂ ಲೇಡೀಸ್ ವಾಚಿಲ್ಲ. ಗೋಡೆ ಗಡಿಯಾರ, ಅಲಾರಂ ಅಷ್ಟೇ. "ಕೈ ನಂಬಂಗಿಲ್ಲ ಮಾರಾಯ. ಯಾರದ್ದೋ ಮದುವೆ ವಾಚು, ಹಾಳಾದ್ರೆ?" ಎಂದ. ಕ್ಯಾಮೆರಾ ಯಾರಿಗೋ ಕೊಟ್ಟಾಗಿತ್ತು. ನಮ್ಮ ಮಂಗಳವಾರಗಳೂ ಹಾಗೆಯೇ ನಿಂತುಹೋದವು. ಆಮೇಲೆ ನಾನೂ ಹಕ್ಕಿಯ ಕಡೆ ಕ್ಯಾಮೆರಾ ಎತ್ತಲಿಲ್ಲ. ಬಹುಮಾನದ ಫೋಟೋವನ್ನು ಮಾತ್ರ ಗೋಡೆಯಿಂದ ಇಳಿಸಲಿಲ್ಲ. ನನ್ನ ಬುದ್ಧಿ ಎಂಥದೆಂದು ನಿಮಗೆ ಗೊತ್ತಾಗಲಿ ಎಂದು ಇದನ್ನೂ ಹೇಳಿದೆ.

ಸವಿತಾ ಬಂದು ಹೋದ ಮಾರನೆಯ ದಿನ ಡಬ್ಬಿ ಹಿಡಿದು ತೀರ್ಥಹಳ್ಳಿಯ ಬಸ್ಸು ಹತ್ತಿದೆ. ಮಂಜಪ್ಪ ಈಗಲೂ ಬೆಳಗಿನ ಹೊತ್ತು ಅಂಗಡಿಯಲ್ಲಿ ಕೂರುತ್ತಾನೆ. "ಬಂದ್ಯಾ? ಇನ್ನೂ ಇದ್ದೀಯಾ ನೀನು?" ಎಂದು ನಕ್ಕ. ಡಬ್ಬಿಯನ್ನು ಅವನ ಮುಂದಿಟ್ಟು, ಕೂರದೆಯೇ ಹೇಳಿದೆ: "ನಿನ್ನ ಕೈ ನಡುಗಿರ್ಲಿಲ್ಲ ಮಂಜಪ್ಪ. ಆ ಫೋಟೋ ಕನ್ವರ್ಟರಲ್ಲಿ ತೆಗ್ದಿದ್ದಲ್ಲ. ಹತ್ತು ಅಡಿಯಿಂದ ತೆಗ್ದಿದ್ದು."

ಅವನು ಡಬ್ಬಿಯ ಮುಚ್ಚಳ ತೆಗೆದು ಕನ್ವರ್ಟರನ್ನು ತಿರುಗಿಸಿ ನೋಡಿದ. ಬೈಯುತ್ತಾನೆ ಎಂದು ಕಾದೆ.

"ಹತ್ತು ಅಡಿಯಿಂದನಾ? ಬಿದಿರು ಮೆಳೆಲಿ? ಎಲೆ ಅಡ್ಡ ಬರ್ಲಿಲ್ವಾ?"

ಇದನ್ನು ಕೇಳುತ್ತಾನೆಂದು ನಾನು ಎಣಿಸಿರಲಿಲ್ಲ. "ಕತ್ತರಿಸಿದೆ."

"ಮರಿ ಮೂರಿದ್ವಲ್ಲ, ಫೋಟೋದಲ್ಲಿ?"

"ಕಾಗೆ ತಿಂದ್ವು."

ಅವನು ಡಬ್ಬಿ ಮುಚ್ಚಿ, ಮೆಲ್ಲಗೆ, "ಲೇಡೀಸ್ ವಾಚ್ ಬಿಟ್ಟೆ ಅಂತ ನನ್ನ ಹೆಂಡ್ತಿ ಸಾಯೋ ತನಕ ಬೈದ್ಲು. ಅವಳಿದ್ದಾಗ ಬಂದು ಹೇಳ್ಬೇಕಿತ್ತು ನೀನು" ಎಂದ.

"ನಿನ್ನ ವಾಚ್ ಬಿಚ್ಚು" ಎಂದ.

ಬಿಚ್ಚಿ ಕೊಟ್ಟೆ. ಕಣ್ಣಿಗೆ ಆ ಹಳೆಯ ಗಾಜು ಸಿಕ್ಕಿಸಿಕೊಂಡ. ಹಿಂದಿನ ಮುಚ್ಚಳ ತೆಗೆದು, ಚಿಮಟದಿಂದ ಒಂದು ತಿರುಪು ಎತ್ತಿದ. ಚಿಮಟ ಗಡಗಡ ನಡುಗಿತು, ತಿರುಪು ಟಣ್ಣೆಂದು ಎಲ್ಲಿಗೋ ಹಾರಿತು. ಮಂಜಪ್ಪ ಗಾಜು ತೆಗೆದು ಗಹಗಹಿಸಿ ನಕ್ಕ.

"ನೋಡ್ದ್ಯಾ? ಈಗ ನಡುಗ್ತದೆ. ಈಗ ಹೇಳಿದ್ದಿದ್ರೆ ನಿಜ ಆಗ್ತಿತ್ತು!"

ಇಬ್ಬರು ಮುದುಕರು ಮೊಣಕಾಲೂರಿ ಮೇಜಿನ ಕೆಳಗೆ ತಡಕಾಡಿದೆವು. ತಿರುಪು ಸಿಗಲಿಲ್ಲ. ವಾಚನ್ನು ಮೇಜಿನ ಖಾನೆಗೆ ಹಾಕಿ ಬೀಗ ಹಾಕಿದ. "ಮಂಗಳವಾರ ನೋಡಾಣ" ಎಂದ.

ಮಂಗಳವಾರ! ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಒಂದು ಪದವನ್ನು ಬಾಯಲ್ಲಿ ಇಟ್ಟುಕೊಂಡು ಬಂದೆ. ಮನೆಗೆ ಬಂದವನೇ ಗೋಡೆಯ ಫೋಟೋ ಇಳಿಸಿದೆ. ಸವಿತಾಳನ್ನು ಕರೆದು ಎಲ್ಲವನ್ನೂ ಹೇಳಿ, "ಕಾಡಿನ ನೆರಳಿಗೆ ಲೆನ್ಸೇ ತಗೋ ಮಗಾ. ಎಲೆ ಅಡ್ಡ ಬಂದ್ರೆ ಎಲೆಯದ್ದೇ ಫೋಟೋ ತೆಗಿ" ಎಂದೆ. ಅವಳು ಇಳಿಸಿಟ್ಟ ಫೋಟೋವನ್ನು ಎತ್ತಿ ನೋಡಿ, "ಲೆನ್ಸ್ ಆಮೇಲೆ ತಗೊಂಡ್ರಾಯ್ತು. ಮಂಗಳವಾರ ರಜೆ ಹಾಕಿ, ನನ್ನ ಕಾರಲ್ಲಿ ನಿಮ್ಮಿಬ್ಬರನ್ನೂ ನಗರಕ್ಕೆ ಕರ್ಕೊಂಡು ಹೋಗಲಾ ಅಜ್ಜ?" ಎಂದಳು. ಮಂಜಪ್ಪನಿಗೆ ಫೋನು ಹಚ್ಚಿ ಅವಳ ಕೈಗೆ ಕೊಟ್ಟೆ. ಅವನ ದೊಡ್ಡ ದನಿ ನನಗೂ ಕೇಳುತ್ತಿತ್ತು.

"ಬರ್ತೀನಿ ಮಗಾ, ಖಂಡಿತ ಬರ್ತೀನಿ. ಆದ್ರೆ ಆ ನಿನ್ನ ಅಜ್ಜನ್ನ ಕಾರು ಹತ್ತಿಸೋ ಮುಂಚೆ ಜೇಬು ತಡವಿ ನೋಡು. ಕತ್ತರಿ ಇದ್ರೆ ಅಲ್ಲೇ ಇಳಿಸಿ ಬಾ."

ನಾಳೆ ಮಂಗಳವಾರ. ಬುತ್ತಿಯ ಡಬ್ಬಿ ತೊಳೆದಿಟ್ಟಿದ್ದೇನೆ. ಅಂಗಿ ಮಡಿಸಿ ಕುರ್ಚಿಯ ಮೇಲಿದೆ. ಅದರ ಜೇಬನ್ನು ಎರಡು ಸಲ ತಡವಿ ನೋಡಿದೆ.