ಹತ್ತು ಸಾಲು, ಹದಿಮೂರು ಸಾಲು

ನನ್ನ ದೊಡ್ಡಮ್ಮ ಕಸ ಗುಡಿಸುವವಳು. ಹೀಗೆಂದರೆ ನಮ್ಮ ನೆಂಟರಲ್ಲೇ ಕೆಲವರ ಮುಖ ಹುಳ್ಳಗಾಗುತ್ತದೆ. ಆಗಲಿ. ಮೂವತ್ತಾರು ವರ್ಷ ಒಂದೇ ಗೋದಾಮಿನ ನೆಲ ಗುಡಿಸಿ, ಕೊನೆಗೆ ಆ ಗೋದಾಮನ್ನೇ ಉಳಿಸಿಕೊಂಡವಳು ಅವಳು. ಮೂಗು ಮುರಿಯುವವರು ತಮ್ಮ ಮನೆಯ ಮೆಟ್ಟಿಲನ್ನಾದರೂ ಗುಡಿಸಿ ತೋರಿಸಲಿ.

ರೈಲು ನಿಲ್ದಾಣದ ಹಿಂದೆ ಒಂದು ಕಾಲಕ್ಕೆ ಕೆಂಪು ಇಟ್ಟಿಗೆಯ ಏಳು ಗೋದಾಮುಗಳಿದ್ದವು. ಮುಂದೆ ಬೀದಿ, ಹಿಂದೆ ಹಳಿ. ಬೀದಿ ಕಡೆಯ ಕಮಾನು ಬಾಗಿಲಲ್ಲಿ ಗಾಡಿಗಳಿಂದ ಇಳಿದ ಸರಕು ಹಳಿ ಕಡೆಯ ಬಾಗಿಲಲ್ಲಿ ವ್ಯಾಗನ್ ಏರುತ್ತಿತ್ತು. ಮಳೆಯಲ್ಲೂ ನೆನೆಯಬಾರದೆಂದು ಸೂರನ್ನು ವ್ಯಾಗನ್ನುಗಳ ಮೇಲಕ್ಕೇ ಚಾಚಿದ್ದರು. ಒಳಗೆ ಎರಡು ಸಾಲು ಎರಕದ ಕಬ್ಬಿಣದ ಕಂಬ, ನೆತ್ತಿಯಲ್ಲಿ ಗಾಜಿನ ಬೆಳಕಿಂಡಿ. ಆಮೇಲೆ ಲಾರಿಗಳು ಬಂದವು, ಹಳಿಗೆ ತುಕ್ಕು ಹಿಡಿಯಿತು, ಆರು ಗೋದಾಮು ನೆಲಸಮವಾದವು. ಏಳನೆಯದರಲ್ಲಿ ಬಡಗಿಗಳು ಕೆಲಸ ಮಾಡಿಕೊಂಡಿದ್ದರು. ಮೂಲೆಯ ಹಳೇ ತೂಕದ ಕೋಣೆಯಲ್ಲಿ ದೊಡ್ಡಮ್ಮನ ಸಂಸಾರ. ಸಂಸಾರ ಅಂದರೆ ಅವಳು, ಒಂದು ಸ್ಟೌ, ನಾಲ್ಕು ಪೊರಕೆ.

ಹೋದ ವರ್ಷ ನಗರಸಭೆಯಿಂದ ಒಬ್ಬ ಎಂಜಿನಿಯರ್ ಬಂದು ನೆಲ ಸಮವಿದೆಯೇ ಎಂದು ರಸಮಟ್ಟ ಇಟ್ಟು ನೋಡಿದರು. ಅದರ ಗಾಜಿನೊಳಗಿನ ಗುಳ್ಳೆ ಒಂದು ಕಡೆ ಓಡಿತು. ಅಳೆದರೆ, ಬೀದಿ ಕಡೆಗಿಂತ ಹಳಿ ಕಡೆಯ ನೆಲ ಒಂದು ಗೇಣು ತಗ್ಗು. ಕಟ್ಟಡ ಒಂದು ಬದಿಗೆ ಕುಸಿದಿದೆ, ಕೆಡವಬೇಕು ಎಂದು ಬರೆದರು. ಬಾಗಿಲಿಗೆ ನೋಟೀಸು ಬಿತ್ತು.

"ಕುಸಿದಿದೆಯಂತೆ! ಇವರ ತಲೆ ಕುಸಿದಿದೆ" ಎಂದು ದೊಡ್ಡಮ್ಮ ಹಾರಾಡಿದಳು. "ಪೀಪಾಯಿ ತಾನಾಗೇ ಹಳಿ ಕಡೆ ಉರುಳ್ಲಿ ಅಂತ ಇಳಿಜಾರು ಮಾಡಿದ್ದು ಕಣೇ. ನಾನು ಕೆಲಸಕ್ಕೆ ಸೇರಿದಾಗ ಹಳೇ ಹಮಾಲರು ಹೇಳ್ತಿದ್ರು."

ನಾನು ನಂಬಲಿಲ್ಲ. ಓದಿದವರು ಬರೆದದ್ದು ಸರಿಯೇ ಇರಬೇಕು ಅಂದುಕೊಂಡು, ನಮ್ಮ ಮನೆಯಲ್ಲಿ ಅವಳಿಗೊಂದು ಮಂಚದ ಜಾಗ ಖಾಲಿ ಮಾಡಿದೆ. ಕರೆಯಲು ಹೋದರೆ ಅವಳು ಪೊರಕೆಯ ಕಟ್ಟು ಬಿಗಿಯುತ್ತಾ ಕೂತಿದ್ದಳು.

"ನಿನ್ನ ಮನೇಲಿ ನಾನು ಏನು ಗುಡಿಸ್ಲಿ? ಎರಡು ಕೋಣೆ! ಇದು ಹೋದ್ರೆ ನಾನೂ ಹೋದ ಹಾಗೇ" ಅಂದಳು. ಮುಂದಿನ ಪೊರಕೆ ಎತ್ತಿಕೊಂಡು ಅದರ ಕಟ್ಟನ್ನೂ ಬಿಗಿದಳು.

ಕೊನೆಯ ತಪಾಸಣೆಗೆ ದೊಡ್ಡ ಸಾಹೇಬರು ಅದೇ ಎಂಜಿನಿಯರ್ ಜತೆ ಬಂದರು. ನೆಲದ ನಟ್ಟನಡುವೆ ನಿಂತು ಕೆಡವುವ ಆದೇಶಕ್ಕೆ ಸಹಿ ಹಾಕಲು ಪೆನ್ನು ತೆಗೆದರು. ದೊಡ್ಡಮ್ಮ ಇಳಿಜಾರಿನ ಮಾತು ಎತ್ತಿದಳು.

"ಹಮಾಲರ ಮಾತಿಗೆ ದಾಖಲೆ ಬೇಕಲ್ಲಮ್ಮ? ನಕ್ಷೆ ಕಳೆದುಹೋಗಿದೆ. ನೀವು ಸ್ವಲ್ಪ ಆಚೆ ನಿಂತ್ಕೊಳ್ಳಿ" ಅಂದರು ಸಾಹೇಬರು.

"ದಾಖಲೆ ಗೋಡೇಲಿದೆ, ಎಣಿಸಿ."

ಬೀದಿಯಿಂದ ಹಳಿಯವರೆಗೆ ಹೋಗುವ ಪಕ್ಕದ ಗೋಡೆಯನ್ನು ಅವಳು ಪೊರಕೆಯಿಂದ ತೋರಿಸಿದಳು. ಅದರಲ್ಲಿ ಮೂರು ಕಿಟಕಿ. ನೆಲದಿಂದ ಕಿಟಕಿಯ ಕೆಳಗಿನ ಕಲ್ಲಿನವರೆಗೆ ಪ್ರತಿ ವರ್ಷ ಸುಣ್ಣ ಬಳಿಯುವವಳು ಅವಳೇ. "ಬೀದಿ ಕಡೆ ಕಿಟಕಿ ಕೆಳಗೆ ಹತ್ತು ಸಾಲು ಇಟ್ಟಿಗೆ. ಹಳಿ ಕಡೆ ಹದಿಮೂರು. ಮೂವತ್ತಾರು ವರ್ಷದಿಂದ ಅಷ್ಟೇ."

ಎಂಜಿನಿಯರ್ ಪ್ಯಾಂಟು ಮಡಚಿ ಕುಕ್ಕರಗಾಲಲ್ಲಿ ಕೂತು ಎಣಿಸಿದರು. ಹತ್ತು. ಆ ತುದಿಗೆ ಓಡಿ ಎಣಿಸಿದರು. ಹದಿಮೂರು. ರಸಮಟ್ಟವನ್ನು ಕಿಟಕಿಯ ಕಲ್ಲಿನ ಮೇಲಿಟ್ಟರು. ಗುಳ್ಳೆ ನಡುವೆ ಬಂದು ನಿಂತಿತು. ಮೂರು ಕಿಟಕಿಯಲ್ಲೂ ಅದೇ. ಪುಣ್ಯಾತ್ಮರು ಮೊದಲ ಸಲ ನೆಲ ಬಿಟ್ಟು ಬೇರೆಲ್ಲೂ ಅದನ್ನು ಇಟ್ಟಿರಲೇ ಇಲ್ಲ!

"ಕಟ್ಟಡ ಕುಸಿದಿದ್ರೆ ನೆಲದ ಜತೇಲೇ ಗೋಡೆಯೂ ವಾಲ್ಬೇಕಿತ್ತು ಸರ್. ಎರಡೂ ಕಡೆ ಸಾಲು ಸಮ ಇರ್ಬೇಕಿತ್ತು" ಅಂದರು, ಮುಖ ಕೆಂಪಗೆ ಮಾಡಿಕೊಂಡು.

ಸಾಹೇಬರು ಪಟ್ಟು ಬಿಡಲಿಲ್ಲ. "ಬರೀ ನೆಲ ಕುಸಿದಿರಬಹುದಲ್ಲ?"

"ಹಾಗಾಗಿದ್ರೆ ಗೋಡೆಗೆ ಕೂರಿಸಿದ ಹಳಿ ಕಡೆ ಹೊಸ್ತಿಲು ನೆಲಕ್ಕಿಂತ ಮೇಲೆ ಉಳೀಬೇಕಿತ್ತು" ಅಂದಳು ದೊಡ್ಡಮ್ಮ. "ನನ್ನ ಪೊರಕೆ ಅಲ್ಲಿ ಒಂದು ದಿನವೂ ಎಡವಿಲ್ಲ."

ಎಂಜಿನಿಯರ್ ಹೊಸ್ತಿಲಿನ ಮೇಲೆ ಅಂಗೈ ಸವರಿ ನೋಡಿದರು. ನೆಲಕ್ಕೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಎದ್ದು ಬಂದವರೇ ತಮ್ಮ ವರದಿಯ ಮೇಲೆ ತಾವೇ ಅಡ್ಡಗೆರೆ ಎಳೆದು, "ಇಳಿಜಾರು ಬೇಕೆಂದೇ ಕಟ್ಟಿದ್ದು, ಕಟ್ಟಡ ಭದ್ರ" ಎಂದು ಬರೆದರು. ಸಾಹೇಬರು ಅದರ ಕೆಳಗೆ ಸಹಿ ಹಾಕಲೇಬೇಕಾಯಿತು. ಬಡಗಿಗಳು ಉಳಿ, ಸುತ್ತಿಗೆ ಎತ್ತಿ ಹಿಡಿದು ಹೋ ಎಂದು ಕೂಗಿದರು. ನಾನಂತೂ ಎಲ್ಲರೆದುರೇ ಅತ್ತುಬಿಟ್ಟೆ. ಮಂಚದ ಜಾಗ ಖಾಲಿ ಮಾಡಿದ್ದಕ್ಕೆ ನಾಚಿಕೆಯೂ ಆಯಿತು.

ಸಾಹೇಬರು ಅಲ್ಲೇ ನೆಲದ ನಡುವೆ ನಿಂತು ಏನೋ ಭಾಷಣ ಶುರು ಮಾಡಿದರು. ಅಷ್ಟರಲ್ಲಿ ದೊಡ್ಡಮ್ಮ ಬೀದಿ ಬಾಗಿಲ ಬಳಿ ಹೋಗಿ ತುಂಬಿದ ಬಕೆಟ್ಟನ್ನು ಬಗ್ಗಿಸಿಬಿಟ್ಟಳು. ನೀರು ಅಗಲಕ್ಕೆ ಹರಡಿ, ಯಾರನ್ನೂ ಕೇಳದೆ, ಹಳಿ ಕಡೆಗೆ ಹೊರಟಿತು.

"ಸ್ವಲ್ಪ ಆಚೆ ನಿಂತ್ಕೊಳ್ಳಿ ಸಾಹೇಬ್ರೇ" ಅಂದಳು. "ನನಗೆ ಕೆಲಸ ಇದೆ."

ಸಾಹೇಬರು ಆಚೆ ನಿಂತುಕೊಂಡರು.