ಕಣಿಕಿಯ ಕೆಳಗೆ ಮಾವ

ಗೆಳೆಯರೇ, ಇವತ್ತು ಚಪಳಗಾಂವದ ಹೊಲದಿಂದ ಎತ್ತಿನ ಬಂಡಿಯಲ್ಲಿ ಮನೆಗೆ ದನದ ಮೇವಿಗೆ ಜೋಳದ ಕಣಿಕಿ, ಅಂದರೆ ಒಣ ದಂಟು, ಸಾಗಿಸುತ್ತಿದ್ದೆವು. ದಾರಿಯಲ್ಲಿ ಬಂಡಿ ನಿಲ್ಲಿಸಿದಾಗ, ಎತ್ತರಕ್ಕೆ ಪೇರಿಸಿದ್ದ ಕಣಿಕಿಯ ಕಟ್ಟುಗಳು, ಆ ಸಿವುಡುಗಳು, ಒಮ್ಮೆಲೇ ಜಾರಿ ಬಿದ್ದವು. ಪಕ್ಕದಲ್ಲೇ ನಿಂತಿದ್ದ ಸೋದರಮಾವ ಕಾಣಲಿಲ್ಲ. ಸಿವುಡುಗಳ ಅಡಿಯಲ್ಲಿ ಅವನ ಕೆಂಪು ರುಮಾಲಿನ ತುದಿ ಮಾತ್ರ ಕಂಡಿತು.

"ತೆಗೀರೋ, ಲವಕರ ತೆಗೀರೋ, ಬೇಗ!" ಎಂದು ಅತ್ತೆ ಚೀರಿದಳು. ಅಳುತ್ತಲೇ ಎಲ್ಲರೂ ಸಿವುಡು ಎಳೆದು ಎಸೆದೆವು. ನನ್ನ ಹಿಂದೆ ಒಬ್ಬ ಎಲ್ಲರಿಗಿಂತ ಜೋರಾಗಿ ಎಳೆಯುತ್ತಿದ್ದ.

"ಒಳಗ ಯಾರು ಸಿಕ್ಕಾರವ್ವ?" ಎಂದು ಕೇಳಿದ.

ತಿರುಗಿ ನೋಡಿದರೆ ಮಾವ! ಬಂಡಿಯ ಪಕ್ಕ ರುಮಾಲು ಬಿಚ್ಚಿಟ್ಟು ನೀರು ಕುಡಿಯಲು ಬಾವಿಗೆ ಹೋಗಿದ್ದನಂತೆ.

"ನೀನಽ ಸಿಕ್ಕೀದಿ!" ಎಂದೆ.

ಅತ್ತೆ ಕೈಯಲ್ಲಿದ್ದ ಸಿವುಡನ್ನು ಅವನ ಕಡೆಗೇ ಎಸೆದಳು.

"ನನ್ನ ಉಳಸಾಕ ಎಲ್ಲಾರಕಿಂತ ಹೆಚ್ಚು ನಾನಽ ದುಡದೀನಿ" ಎಂದು ಮಾವ ಈಗ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದಾನೆ. ಅದು ಸುಳ್ಳೂ ಅಲ್ಲ.