ಮೇನ್ ಕಂಪ್ಯೂಟರಿನ ದೀಪ

ನನ್ನದು ಹುಟ್ಟಿನಿಂದಲೇ ಅನುಮಾನದ ಬುದ್ಧಿ. ಮನೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತೇನೆ. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನ್ನು ಕೇಳುತ್ತೇನೆ, ಕಂಡಕ್ಟರ್ ಹೇಳಿದ ಮೇಲೂ ಪಕ್ಕದ ಸೀಟಿನವರನ್ನು ಕೇಳುತ್ತೇನೆ. ಹೆಂಡತಿ ಇದನ್ನು ರೋಗ ಎನ್ನುತ್ತಾಳೆ. ಆಫೀಸಿನಲ್ಲಿ ಮಾತ್ರ ಇದಕ್ಕೆ ಜವಾಬ್ದಾರಿ ಎಂಬ ಹೆಸರಿತ್ತು.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಶಿವಮೊಗ್ಗದ ಆಲ್ಕೊಳ ಸರ್ಕಲ್ಲಿನ ಹತ್ತಿರ ಟ್ರ್ಯಾಕ್ಟರ್ ಮಾರುವ, ರಿಪೇರಿ ಮಾಡುವ ಒಂದು ಅಂಗಡಿಯಲ್ಲಿ ನಾನು ಆಫೀಸು ನೋಡಿಕೊಳ್ಳುತ್ತಿದ್ದೆ. ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿದ ತಪ್ಪಿಗೆ ಅಲ್ಲಿನ ಐದು ಕಂಪ್ಯೂಟರುಗಳೂ ನನ್ನ ತಲೆಗೇ ಬಂದಿದ್ದವು. ನಾಲ್ಕರ ಮುಂದೆ ಜನ ಕೂರುತ್ತಿದ್ದರು. ಐದನೆಯದರ ಮುಂದೆ ಯಾರೂ ಕೂರುತ್ತಿರಲಿಲ್ಲ. ಬಿಡಿಭಾಗಗಳ ಪಟ್ಟಿ, ಯಾರ ಟ್ರ್ಯಾಕ್ಟರಿಗೆ ಯಾವಾಗ ಏನು ರಿಪೇರಿ ಆಯಿತೆಂಬ ವಿವರ, ಎಲ್ಲ ಫೈಲುಗಳೂ ಅದರೊಳಗೇ ಇದ್ದವು. ಉಳಿದ ನಾಲ್ಕೂ ವೈರಿನ ಮೂಲಕ ಅಲ್ಲಿಂದಲೇ ಫೈಲು ತೆರೆಯಬೇಕು. ನಾವು ಅದನ್ನು ಮೇನ್ ಕಂಪ್ಯೂಟರ್ ಎನ್ನುತ್ತಿದ್ದೆವು.

ಆ ವರ್ಷ ಆಯುಧ ಪೂಜೆಯಲ್ಲಿ ಸ್ಪ್ಯಾನರು, ಜಾಕು, ಟ್ರ್ಯಾಕ್ಟರುಗಳ ಜೊತೆಗೆ ಮೇನ್ ಕಂಪ್ಯೂಟರಿಗೂ ವಿಭೂತಿ, ಕುಂಕುಮ, ಸೇವಂತಿಗೆ ಹಾರ ಬಿದ್ದವು. ನಾನು ಸುಮ್ಮನಿರಲಾರದೆ ಗೆಳೆಯನ ಅಂಗಡಿಯಿಂದ ಫ್ಲಾಪಿಯಲ್ಲಿ ಒಂದು ಸ್ಕ್ರೀನ್ ಸೇವರ್ ತಂದು ಅದಕ್ಕೆ ಹಾಕಿದೆ. ಐದು ನಿಮಿಷ ಯಾರೂ ಕಂಪ್ಯೂಟರ್ ಮುಟ್ಟದಿದ್ದರೆ ಪರದೆಯ ಮೇಲೆ ಹಿತ್ತಾಳೆಯ ದೀಪವೊಂದು ಮೂಡುತ್ತಿತ್ತು. ಅದು ನಿಧಾನಕ್ಕೆ ಸುತ್ತುತ್ತಿತ್ತು, ಕುಡಿ ಬಳುಕುತ್ತಿತ್ತು, ಹಿತ್ತಾಳೆಯ ಮೇಲೆ ಬೆಳಕು ಹರಿದಾಡುತ್ತಿತ್ತು. ಮಾಲೀಕರು ಚಪ್ಪಲಿ ಬಿಟ್ಟು ಬಂದು ಕೈಮುಗಿದರು.

"ಭೇಷ್ ಕಣ್ರೀ! ಇದನ್ನ ತೆಗೀಬೇಡಿ. ನಂದಾದೀಪದ ಹಾಗೆ ಉರೀತಾ ಇರ್ಲಿ" ಎಂದರು. ಎಲ್ಲರೆದುರು ಹೊಗಳಿಸಿಕೊಂಡ ನನಗೆ ಆ ದಿನವೆಲ್ಲ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹಬ್ಬದ ರಜೆ ಕಳೆದು ಬಾಗಿಲು ತೆರೆದ ದಿನವೇ ಹೊಸ ಹುಡುಗಿಯೊಬ್ಬಳು ಕೆಲಸಕ್ಕೆ ಬಂದಳು. ಭದ್ರಾವತಿಯವಳು, ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದಳು. ಕೊರಳಲ್ಲಿ ಸಣ್ಣ ಶಿಲುಬೆ. ತಂದೆ ನಿವೃತ್ತರಾಗಿದ್ದರು, ತಮ್ಮ ಇನ್ನೂ ಓದುತ್ತಿದ್ದ. ಮೂರು ತಿಂಗಳು ನೋಡುತ್ತೇವೆ, ಸರಿಬಂದರೆ ಕಾಯಂ ಮಾಡುತ್ತೇವೆ ಎಂದು ಮಾಲೀಕರು ಹೇಳಿದ್ದರು. ಅವಳಿಗೆ ಸಿಕ್ಕಿದ ಜಾಗ ಮೇನ್ ಕಂಪ್ಯೂಟರಿನ ಪಕ್ಕ.

ಅದೇ ದಿನದಿಂದ ಫೈಲುಗಳು ತೆರೆಯುವುದು ನಿಧಾನವಾಯಿತು. ಅಂತಿಂಥ ನಿಧಾನವಲ್ಲ. ಕೌಂಟರಿನವನು ಬಿಡಿಭಾಗಗಳ ಪಟ್ಟಿ ಒತ್ತಿ ಎದ್ದುಹೋಗಿ ಟೀ ಕುಡಿದು ಬಂದರೂ ಪರದೆಯ ಮೇಲೆ ಕಾಯಿರಿ ಎನ್ನುವ ಮರಳುಗಡಿಯಾರ ಹಾಗೇ ನಿಂತಿರುತ್ತಿತ್ತು. ಎದುರಿಗೆ ನಿಂತ ಗಿರಾಕಿಗಳು ರೇಗುತ್ತಿದ್ದರು. "ಏನ್ ಮಾರಾಯ, ಒಂದು ಫಿಲ್ಟರ್ ಇದೆಯೋ ಇಲ್ವೋ ಹೇಳೋಕೆ ಇಷ್ಟೊತ್ತಾ? ಒಳಗೆ ಹೋಗಿ ಕಣ್ಣಲ್ಲೇ ನೋಡ್ಕೊಂಡು ಬಾರೋ!"

ನಾನು ವೈರು ಬದಲಿಸಿದೆ. ವೈರುಗಳೆಲ್ಲ ಬಂದು ಸೇರುವ ಡಬ್ಬಿ ಬದಲಿಸಿದೆ. ವೈರಸ್ ಹುಡುಕಿದೆ, ಸಿಗಲಿಲ್ಲ. ಸರ್ವಿಸ್ ಎಂಜಿನಿಯರನ್ನು ಕರೆಸಿದೆ. ಅವನು ಬಂದು ಮೇನ್ ಕಂಪ್ಯೂಟರಿನ ಮುಂದೆ ಕೂತದ್ದೇ ತಡ, ನಾಲ್ಕೂ ಕಡೆ ಫೈಲುಗಳು ಪಟಪಟನೆ ತೆರೆದುಕೊಂಡವು. ಅವನು ಆಟೋ ಹತ್ತಿ ಹೋದ, ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಥೆ. ನಾನು ಕೂತು ನೋಡುವಾಗಲೂ ಎಲ್ಲ ಸರಿ, ಎದ್ದುಬಂದರೆ ಮತ್ತೆ ನಿಧಾನ. ಡಾಕ್ಟರ ಮುಂದೆ ಕೂತಾಗ ಮಾತ್ರ ಇಳಿಯುವ ಜ್ವರದಂತಿತ್ತು. ಇದು ಯಂತ್ರದ ಕೆಲಸವಲ್ಲ, ಮನುಷ್ಯರದೇ ಕೈವಾಡ ಎಂದು ನನಗೆ ಖಾತ್ರಿಯಾಯಿತು.

ಯಾರ ಕೈವಾಡ? ಅವಳು ಬಂದ ದಿನದಿಂದ ಶುರುವಾಗಿದೆ. ಪಕ್ಕದಲ್ಲೇ ಕೂರುತ್ತಾಳೆ. ಹೆಚ್ಚು ಮಾತಾಡುವುದಿಲ್ಲ. ನನಗೆ ಇಷ್ಟು ಸಾಕಾಗಿತ್ತು. ಅಂದಿನಿಂದ ನನ್ನ ಕೆಲಸ ಬಿಟ್ಟು ಅವಳನ್ನು ಕಾಯತೊಡಗಿದೆ. ಕಾಗದಪತ್ರ ಹುಡುಕುವ ನೆಪದಲ್ಲಿ ಅವಳ ಬೆನ್ನ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಮೂರನೇ ದಿನವೇ ಸಿಕ್ಕಿಬಿದ್ದಳು. ತನ್ನ ಕೆಲಸ ಮಾಡುತ್ತಲೇ ಎಡಗೈ ಚಾಚಿ ಮೇನ್ ಕಂಪ್ಯೂಟರಿನ ಮೌಸು ಮುಟ್ಟಿದಳು. ದೀಪ ಫಕ್ಕನೆ ಮಾಯವಾಯಿತು. ನನ್ನನ್ನು ಕಂಡವಳೇ ಕೈ ಹಿಂದಕ್ಕೆಳೆದುಕೊಂಡಳು.

ಆಮೇಲೆ ನೋಡಿದಷ್ಟು ಸಲವೂ ಇದೇ. ತನ್ನದಲ್ಲದ ಕಂಪ್ಯೂಟರಿನಲ್ಲಿ ಇವಳಿಗೇನು ಕೆಲಸ? ನಮ್ಮ ಗಿರಾಕಿಗಳ ವಿವರ ಬೇರೆ ಅಂಗಡಿಯವರಿಗೆ ಹೋಗುತ್ತಿದೆಯೇ? ಅಥವಾ ದೇವರ ದೀಪ ಕಂಡರೆ ಇವಳಿಗಾಗುವುದಿಲ್ಲವೇ? ಈ ಎರಡನೆಯ ಯೋಚನೆಯನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಂದದ್ದು ನಿಜ. ನೋಟ್‌ಬುಕ್ಕಿನಲ್ಲಿ ಹೊತ್ತು ಸಮೇತ ಗುರುತು ಹಾಕಿಕೊಂಡೆ. ಅವಳು ಊಟಕ್ಕೆ ಹೋದಾಗ ಫೈಲುಗಳು ಇನ್ನಷ್ಟು ನಿಧಾನವಾಗುತ್ತಿದ್ದವು. ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ನಿಂತು ಯೋಚಿಸುತ್ತಿದ್ದರು. ನಾನು "ಹೋಗುವ ಮುಂಚೆ ಏನೋ ಮಾಡಿಟ್ಟು ಹೋಗುತ್ತಾಳೆ" ಎಂದು ಬರೆದುಕೊಂಡೆ.

ಮೂರು ತಿಂಗಳು ತುಂಬುವ ವಾರ ಆ ನೋಟ್‌ಬುಕ್ಕನ್ನು ಮಾಲೀಕರ ಮೇಜಿನ ಮೇಲಿಟ್ಟೆ. ಅವರು ಪೂರ್ತಿ ಓದಲೂ ಇಲ್ಲ.

ಸಂಜೆ ಅವಳನ್ನು ಕರೆದು, "ನಾಳೆಯಿಂದ ಬರ್ಬೇಡಮ್ಮ, ಬೇರೆ ವ್ಯವಸ್ಥೆ ಆಗಿದೆ" ಎಂದರು. ಕಾರಣ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಟಿಫಿನ್ ಡಬ್ಬಿ ಚೀಲಕ್ಕೆ ಹಾಕಿಕೊಂಡಳು. ಎದ್ದು ಹೊರಡುವಾಗ ಕೌಂಟರಿನ ಕಡೆ ಒಮ್ಮೆ ನೋಡಿ, ಮೇನ್ ಕಂಪ್ಯೂಟರಿನ ಮೌಸನ್ನು ಇನ್ನೊಂದು ಸಲ ಅಲ್ಲಾಡಿಸಿ ಹೋದಳು. ನೋಡಿದಿರಾ, ಹೋಗುವಾಗಲೂ ಬುದ್ಧಿ ಬಿಡಲಿಲ್ಲ ಎಂದುಕೊಂಡೆ ನಾನು.

ಮರುದಿನದಿಂದ ಆಫೀಸು ನಿಂತೇಹೋಯಿತು. ಮೊದಲು ಆಗಾಗ ಬರುತ್ತಿದ್ದ ವೇಗವೂ ಇಲ್ಲ. ಏನೋ ಮಾಡಿಟ್ಟು ಹೋಗಿದ್ದಾಳೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಹುಡುಕಲೇಬೇಕೆಂದು ಒಂದು ಬೆಳಿಗ್ಗೆ ಅವಳ ಕುರ್ಚಿಯಲ್ಲೇ ಹೋಗಿ ಕೂತೆ. ಕಾಗದಗಳನ್ನು ಸರಿಸುವಾಗ ನನ್ನ ಮೊಣಕೈ ಪಕ್ಕದ ಮೌಸಿಗೆ ತಾಗಿತು. ದೀಪ ಹೋಯಿತು. "ಬಂತು ಸರ್, ಓಪನ್ ಆಯ್ತು!" ಎಂದು ಕೌಂಟರಿನಿಂದ ಕೂಗು ಬಂತು.

ನಾನು ಕೈಕಟ್ಟಿ ಕೂತೆ. ಐದು ನಿಮಿಷಕ್ಕೆ ದೀಪ ಬಂತು. "ಮತ್ತೆ ನಿಂತೋಯ್ತು ಸರ್!" ಮೌಸು ಅಲ್ಲಾಡಿಸಿದೆ. "ಬಂತು!" ಹೀಗೆ ಮೂರು ಸಲ ನೋಡಿದೆ. ಆ ಕುಡಿ ಬಳುಕಿಸುವುದಕ್ಕೆ, ಹಿತ್ತಾಳೆ ಹೊಳೆಯಿಸುವುದಕ್ಕೆ ಕಂಪ್ಯೂಟರು ತನ್ನ ಶಕ್ತಿಯನ್ನೆಲ್ಲ ಸುರಿಯುತ್ತಿತ್ತು, ಫೈಲು ಕೊಡಲು ಅದಕ್ಕೆ ಪುರುಸೊತ್ತೇ ಇರಲಿಲ್ಲ. ಬೇರೆಯವರು ಯಾರೂ ಏನೂ ಮಾಡಿರಲಿಲ್ಲ. ಆ ದೀಪ ಹಚ್ಚಿದವನು ನಾನೇ. ದೀಪ ತೆಗೆದುಹಾಕಿ ಪರದೆ ಸುಮ್ಮನೆ ಕಪ್ಪಾಗುವಂತೆ ಮಾಡಿದೆ. ಆಮೇಲೆ ಫೈಲುಗಳ ಕಾಟ ಬರಲೇ ಇಲ್ಲ.

ಮಾಲೀಕರಿಗೆ ಎಲ್ಲವನ್ನೂ ಹೇಳಿ ಅವಳನ್ನು ವಾಪಸ್ ಕರೆಯೋಣ ಎಂದೆ. "ಈಗ ಸರಿ ಆಯ್ತಲ್ರೀ, ಬಿಡಿ. ನಮ್ಮ ಷಡ್ಕನ ಮಗಳಿಗೆ ಆ ಜಾಗ ಹೇಳಿಬಿಟ್ಟಿದ್ದೀನಿ" ಎಂದರು.

ಅವಳ ಅರ್ಜಿಯಲ್ಲಿದ್ದ ವಿಳಾಸ ಹಿಡಿದು ಭಾನುವಾರ ಭದ್ರಾವತಿಗೆ ಹೋದೆ. ಮನೆಯವರು, ಈಗ ಅಲ್ಲೇ ಕೆಲಸ ಮಾಡುತ್ತಾಳೆಂದು ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿ ತೋರಿಸಿದರು. ಇಬ್ಬರು ಗಿರಾಕಿಗಳ ನಡುವೆ ಅವಳು ನಿಂತಿದ್ದಳು. ನನ್ನನ್ನು ಕಂಡು, "ಬನ್ನಿ ಸರ್" ಎಂದು ಸ್ಟೂಲು ಎಳೆದು ಕೊಟ್ಟಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು.

"ದೀಪದಿಂದ ಆಗ್ತಿತ್ತಮ್ಮ. ನಾನೇ ಹಾಕಿದ್ದು. ನಿನ್ನ ಮೇಲೆ ದೂರು ಹೇಳಿದ್ದೂ ನಾನೇ. ತಪ್ಪಾಯ್ತು" ಎಂದೆ.

"ದೀಪದಿಂದ ಅಂತ ನಂಗೆ ಮೊದಲನೇ ವಾರದಲ್ಲೇ ಗೊತ್ತಾಗಿತ್ತು ಸರ್" ಎಂದಳು. "ಕೌಂಟರಿನವರು ಪಾಪ ಬೈಸ್ಕೋತಾರೆ ಅಂತ ನೆನಪಾದಾಗೆಲ್ಲ ಮೌಸ್ ಅಲ್ಲಾಡಿಸ್ತಿದ್ದೆ. ಊಟಕ್ಕೆ ಹೋದಾಗ ಮಾತ್ರ ಆಗ್ತಿರ್ಲಿಲ್ಲ."

"ಮತ್ತೆ ಒಂದು ಮಾತು ಹೇಳಬಾರದಿತ್ತಾ?"

ಅವಳು ಕೊರಳ ಸರ ಸರಿಮಾಡಿಕೊಂಡು ನನ್ನನ್ನೇ ನೋಡಿದಳು. "ದೇವರ ದೀಪದಿಂದ ಆಫೀಸ್ ಹಾಳಾಗ್ತಿದೆ, ಅದನ್ನ ತೆಗೆದುಬಿಡಿ ಅಂತ ನಾನು ಬಂದು ಹೇಳಿದ್ರೆ ನೀವು ನಂಬ್ತಿದ್ರಾ ಸರ್?"

ನೋಟ್‌ಬುಕ್ಕಿನ ಪುಟಗಳು ಕಣ್ಣ ಮುಂದೆ ಬಂದವು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಇಲ್ಲ" ಎಂದೆ.

"ಮತ್ತೆ?" ಎಂದಳು, ಅಷ್ಟೇ. ಕಾದು ನಿಂತಿದ್ದವರ ಕೈಯಿಂದ ಕಾಗದ ತೆಗೆದುಕೊಂಡು ಜೆರಾಕ್ಸ್ ಮಷಿನ್ನಿನ ಮುಚ್ಚಳ ಎತ್ತಿದಳು.